ಅವ್ವನ ಕೈಮಾತು

ಹುನಗುಂದ
೯ ಜುಲೈ ೨೦೨೩

ದಾನಮ್ಮನಿಗೆ,

ನಾನು ನರ್ಗೀಸ. ಬಾಗಲಕೋಟೆಯ ಜೊತೆಗಾತಿ ಬಳಗದವರು ನಿನ್ನ ಹೆಸರನ್ನು ನನಗೆ, ನನ್ನ ಹೆಸರನ್ನು ನಿನಗೆ ಕೊಟ್ಟಿದ್ದಾರೆ. ದುಡಿಯುವ ಹೆಣ್ಣುಮಗಳೊಬ್ಬಳನ್ನು ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಜೋಡಿ ಮಾಡುತ್ತಾರೆ. ಹುಡುಗಿ ಕಾಲೇಜು ಸೇರುವವರೆಗೂ ಕೈ ಬಿಡಬಾರದು ಎನ್ನುವುದು ಅವರ ಕರಾರು. ನಿಮ್ಮ ಬಾದಾಮಿಯ ಹಾಸ್ಟೆಲಿನಲ್ಲಿ ಮೊಬೈಲು ಇಟ್ಟುಕೊಳ್ಳಲು ಬಿಡುವುದಿಲ್ಲವಂತೆ. ಒಳ್ಳೆಯದೇ ಆಯಿತು. ದಿನವೆಲ್ಲ ಕೋರ್ಟಿನಲ್ಲಿ ಮಾತಾಡಿ ಬರುವ ನನಗೆ ಬರೆಯುವುದೇ ಆರಾಮ.

ನಾನು ಇಳಕಲ್ಲಿನವಳು. ಅಬ್ಬಾ ಅಹ್ಮದಸಾಬರು ಸೀರೆಯ ನೂಲಿಗೆ ಬಣ್ಣ ಹಾಕುತ್ತಾರೆ. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದಾದರೊಂದು ಬಣ್ಣ ಇದ್ದೇ ಇರುತ್ತದೆ. ನಾನು ಹುನಗುಂದದಲ್ಲಿ ವಕೀಲಿ ಮಾಡುತ್ತೇನೆ. ನಾನು ಪಿಯುಸಿ ಮುಗಿಸಿದಾಗ ಲಾ ಕಾಲೇಜು ಎಂಬುದು ನಮ್ಮಂಥವರಿಗೂ ಉಂಟು ಎಂದು ಹೇಳುವವರಿರಲಿಲ್ಲ. ಒಂದು ವರ್ಷ ಸುಮ್ಮನೆ ಮನೆಯಲ್ಲಿ ಕೂತಿದ್ದೆ. ಆಮೇಲೊಂದು ದಿನ ಬಸ್ಸಿನಲ್ಲಿ ಪಕ್ಕ ಕೂತ ಹೆಣ್ಣುಮಗಳು ವಕೀಲೆಯಾಗಿದ್ದಳು, ಅವಳಿಂದ ತಿಳಿಯಿತು. ನಿನ್ನ ಮುಂದಿನ ಬದುಕನ್ನು ಬಸ್ಸಿನ ಸೀಟಿಗೆ ಬಿಡುವ ಮನಸ್ಸು ನನಗಿಲ್ಲ.

ನೀನು ಏನಾಗಬೇಕೆಂದಿದ್ದೀ? ‘ಶಿಕ್ಷಕಿ’ ಎಂದು ಸುಮ್ಮನೆ ಬರೆದು ಕೈ ತೊಳೆದುಕೊಳ್ಳಬೇಡ. ಖರೆ ಏನಿದೆಯೋ ಅದನ್ನು ಬರಿ.

ನಿನ್ನ ಪಾಲಿಗೆ ಬಂದ ವಕೀಲೆ,
ನರ್ಗೀಸ


ಬಾದಾಮಿ
೨೩ ಜುಲೈ ೨೦೨೩

ನರ್ಗೀಸ ಅಕ್ಕಾವರಿಗೆ,

ನನಗೆ ಉದ್ದ ಪತ್ರ ಬರೆದು ರೂಢಿ ಇಲ್ಲ. ನಮ್ಮದು ಕೆರೂರಿನ ಹತ್ತಿರದ ಹಳ್ಳಿ. ಅಪ್ಪ ಅಮಸಿದ್ದಪ್ಪ. ಕುರಿ ಸಾಕುತ್ತಾನೆ, ಜೊತೆಗೆ ಸ್ವಲ್ಪ ಹೊಲವೂ ಇದೆ. ಅವ್ವ ಪದ್ಮವ್ವ. ಅವ್ವನಿಗೆ ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಹೋದವಂತೆ, ಮಾತೂ ಬರುವುದಿಲ್ಲ. ಅವಳದು ಕೈಮಾತು. ಅದು ನನಗೊಬ್ಬಳಿಗೇ ಬರುತ್ತದೆ. ಯಾರೂ ಕಲಿಸಲಿಲ್ಲ, ಅವಳ ಮಡಿಲಲ್ಲೇ ಬಂತು.

ಭಾನುವಾರ ನಾನು ಊರಿಗೆ ಹೋದರೆ ನಮ್ಮ ಕಟ್ಟೆಯ ಮೇಲೆ ಜನ ಕಾಯುತ್ತಿರುತ್ತಾರೆ. ಒಬ್ಬರಿಗೆ ಅವ್ವನಿಂದ ಕೌದಿ ಹೊಲಿಸಬೇಕು, ಇನ್ನೊಬ್ಬರಿಗೆ ಅವಳ ಮೇಲೆ ತಕರಾರು. ಎಲ್ಲವನ್ನೂ ನಾನು ಆಚೆಯಿಂದ ಈಚೆಗೆ ದಾಟಿಸಬೇಕು. ಅಪ್ಪನೂ ಅಷ್ಟೇ. “ನಿಮ್ಮವ್ವಗ ಹೇಳು, ಕರೀ ಕುರಿ ಗಬ್ಬ ಐತಿ, ಅದಕ್ಕ ಜೋಳ ಹಾಕಂತ” ಎನ್ನುತ್ತಾನೆ. ಅವ್ವ ಎದುರಿಗೇ ನಿಂತಿರುತ್ತಾಳೆ. ‘ಊಟ’, ‘ಕುರಿ’, ‘ಬಾ’ ಇಷ್ಟು ಅವನಿಗೆ ಬರುತ್ತದೆ. ಉಳಿದದ್ದೆಲ್ಲ ಭಾನುವಾರಕ್ಕೆ.

ಏನಾಗಬೇಕು ಎಂದು ನಾನು ವಿಚಾರ ಮಾಡಿಲ್ಲ ಅಕ್ಕಾ. ಕೆರೂರಿಗೆ ಹತ್ತಿರ ಏನು ಸಿಕ್ಕರೂ ಸಾಕು. ಇದು ಖರೆ.

ದಾನಮ್ಮ


ಹುನಗುಂದ
೫ ನವೆಂಬರ್ ೨೦೨೩

ದಾನಮ್ಮಾ,

ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ವಾರ್ಡನ್ ಜೊತೆ ನೀನು ಗ್ರಂಥಾಲಯದ ಕೀಲಿಗಾಗಿ ವಾದ ಮಾಡಿದ ಕಥೆಯನ್ನು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ತೀರ್ಮಾನ ಮಾಡಿಬಿಟ್ಟಿದ್ದೇನೆ: ನೀನು ಕಾನೂನು ಓದಬೇಕು. ಐದು ವರ್ಷದ ಕೋರ್ಸು, ಅರ್ಜಿ ತರಿಸಿಟ್ಟಿದ್ದೇನೆ. ಇಂಗ್ಲಿಷಿಗೆ ಹೆದರಬೇಡ. ನಾನು ಹೆದರಿದಷ್ಟು ನೀನು ಹೆದರಬೇಕಾಗಿಲ್ಲ, ನಾನಿದ್ದೇನೆ.

ಈಗ ನನಗೊಂದು ಉಪಕಾರ ಬೇಕು. ಅರ್ಷದ ಎಂಬ ಕಾಲೇಜು ಹುಡುಗನ ಸೈಕಲ್ಲಿಗೆ ಇಳಕಲ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಡಿದು ಕಾಲು ಮುರಿದಿದೆ. ಟ್ರ್ಯಾಕ್ಟರಿನ ಮಾಲೀಕ ಗಾಳೆಪ್ಪ ‘ನಾನೇ ಓಡಿಸುತ್ತಿದ್ದೆ, ನಿಧಾನಕ್ಕೇ ಹೊರಟಿದ್ದೆ, ಹುಡುಗನೇ ಅಡ್ಡ ಬಂದ’ ಎನ್ನುತ್ತಾನೆ. ಓಡಿಸುತ್ತಿದ್ದದ್ದು ಅವನಲ್ಲ, ಅವನ ಅಕ್ಕನ ಮಗ, ಲೈಸೆನ್ಸ್ ಇಲ್ಲದ ಸಣ್ಣ ಹುಡುಗ ಎನ್ನುವುದು ನಮ್ಮ ವಾದ. ಕಣ್ಣಾರೆ ಕಂಡವಳು ಒಬ್ಬಳೇ, ರಸ್ತೆ ಬದಿಗೆ ಶೇಂಗಾ ಮಾರುವ ಮಾಬುಬಿ. ಅವಳಿಗೆ ನಿಮ್ಮ ಅವ್ವನ ಹಾಗೆ ಕಿವಿಯೂ ಇಲ್ಲ, ಮಾತೂ ಇಲ್ಲ. ನ್ಯಾಯಾಧೀಶರ ಅಪ್ಪಣೆ ಪಡೆದಿದ್ದೇನೆ, ಎದುರು ವಕೀಲರೂ ಒಪ್ಪಿದ್ದಾರೆ. ಇಪ್ಪತ್ತೆರಡಕ್ಕೆ ಬಂದು ಅವಳ ಕೈಮಾತನ್ನು ಕನ್ನಡದಲ್ಲಿ ಹೇಳು. ಕೋರ್ಟು ಹೇಗಿರುತ್ತದೆ ಎಂದು ನೋಡಿದ ಹಾಗೂ ಆಗುತ್ತದೆ. ವಾರ್ಡನ್‌ಗೆ ಬೇರೆ ಪತ್ರ ಬರೆದಿದ್ದೇನೆ.

ದಾರಿ ಕಾಯುವ
ನರ್ಗೀಸ


ಬಾದಾಮಿ
೨೬ ನವೆಂಬರ್ ೨೦೨೩

ಅಕ್ಕಾವರಿಗೆ,

ಬಸ್ ಸ್ಟ್ಯಾಂಡಿನವರೆಗೂ ಬಂದಿರಿ, ಬಾಳೆಹಣ್ಣು ಕೊಡಿಸಿದಿರಿ, ಒಂದು ಮಾತೂ ಆಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಳಗೆ ಹೋಗುವ ಮೊದಲು ನೀವು ಹೇಳಿದ್ದು ನನಗೆ ನೆನಪಿತ್ತು. “ಅಕಿ ಸಣ್ಣ ಹುಡುಗ ಅಂತ ತೋರಸ್ತಾಳ. ನೀ ಗಟ್ಟಿಯಾಗಿ ಹೇಳು, ಅಷ್ಟ.” ನ್ಯಾಯಾಧೀಶ ಸಾಹೇಬರು “ಟ್ರ್ಯಾಕ್ಟರ್ ಯಾರ್ ಓಡಸ್ತಿದ್ರು ಕೇಳವ್ವಾ” ಅಂದರು. ಕೇಳಿದೆ. ಮಾಬುಬಿ ಚಕ್ರ ತಿರುಗಿಸಿ ತೋರಿಸಿದರು. ಆಮೇಲೆ ಅಂಗೈಯನ್ನು ಹಣೆಯ ಮುಂದಿನಿಂದ ಎದೆಯವರೆಗೆ ಇಳಿಸಿದರು. ನಮ್ಮ ಅವ್ವ ಹಾಗೆ ಮಾಡಿದರೆ ‘ಸಣ್ಣ ಹುಡುಗ’ ಎಂದೇ ಅರ್ಥ. ನನ್ನ ಬಾಯಿಗೆ ಬಂದೇಬಿಟ್ಟಿತ್ತು.

ಆದರೆ ಅವರ ಮುಖ ‘ಹುಡುಗ’ ಅನ್ನುತ್ತಿರಲಿಲ್ಲ. ಅವ್ವ ಹುಡುಗರ ಬಗ್ಗೆ ಹೇಳುವಾಗ ಅವಳ ಕಣ್ಣು ಸಡಿಲಾಗುತ್ತದೆ. ಇವರ ಕಣ್ಣು ಸಿಟ್ಟಿನಿಂದ ಗಟ್ಟಿಯಾಗಿತ್ತು. ಬಾಗಿಲ ಹತ್ತಿರ ನಿಂತಿದ್ದ ಗಾಳೆಪ್ಪನೂ ಗಿಡ್ಡನೆಯ ಮನುಷ್ಯ, ಆ ಕೈ ಅವನನ್ನೇ ತೋರಿಸಿರಬಹುದು. ನಾನು ಮತ್ತೆ ಕೇಳಿದೆ, ಅವರು ಮತ್ತೆ ಹಾಗೇ ಮಾಡಿದರು. ಅದಕ್ಕೇ “ನನಗ ತಿಳಿಯವಲ್ದ್ರಿ ಸಾಹೇಬ್ರ, ಇವರ ಕೈ ಬ್ಯಾರೆ, ನಮ್ಮವ್ವನ ಕೈ ಬ್ಯಾರೆ” ಅಂದೆ. ಎದುರು ವಕೀಲರು ನಕ್ಕರು. ನೀವು ಕಾಗದ ಜೋಡಿಸತೊಡಗಿದಿರಿ.

ನಾನು ಅಂದಾಜಿನ ಮೇಲೆ ಹೇಳಿ ಅದು ಸುಳ್ಳಾಗಿದ್ದರೆ, ಅದು ಮಾಬುಬಿಯವರ ಬಾಯಿಂದ ಬಂದ ಸುಳ್ಳಾಗುತ್ತಿತ್ತು. ಅವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ನಿಮ್ಮ ಕೇಸು ಕೆಟ್ಟಿತೇ?

ದಾನಮ್ಮ


ಬಾದಾಮಿ
೧೪ ಜನವರಿ ೨೦೨೪

ಅಕ್ಕಾವರಿಗೆ,

ಹೋದ ಪತ್ರ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷಿಗೆ ನೀವು ಗುರುತು ಹಾಕಿಕೊಟ್ಟ ಪಾಠಗಳು ಮುಗಿದವು. ಸಂಕ್ರಮಣಕ್ಕೆ ಊರಿಗೆ ಹೋಗುತ್ತಿಲ್ಲ.

ದಾನಮ್ಮ


ಹುನಗುಂದ
೧೧ ಫೆಬ್ರವರಿ ೨೦೨೪

ದಾನಮ್ಮಾ,

ಪತ್ರ ತಲುಪಿತ್ತು. ಉತ್ತರ ಬರೆಯಲು ಕೂತಾಗೆಲ್ಲ ನನ್ನ ಮಾತು ಎದುರು ವಕೀಲರ ಮಾತಿನ ಹಾಗೆ ಕೇಳಿಸುತ್ತಿತ್ತು, ಹರಿದು ಹಾಕುತ್ತಿದ್ದೆ. ಈಗ ಹೇಳುವಂಥ ಸುದ್ದಿಯಿದೆ.

ನೀನು ‘ತಿಳಿಯುವುದಿಲ್ಲ’ ಅಂದದ್ದಕ್ಕೆ ಸಾಹೇಬರು ವಿಚಾರಣೆ ಮುಂದೂಡಿ, ಕಲಿತವರನ್ನು ಕರೆಸಿ ಎಂದು ಆದೇಶ ಮಾಡಿದ್ದರು. ಮೊನ್ನೆ ಹುಬ್ಬಳ್ಳಿಯಿಂದ ಸವಿತಾ ಎನ್ನುವವರು ಬಂದರು. ಸಂಜ್ಞೆಯ ಭಾಷೆಯಿಂದ ಕನ್ನಡಕ್ಕೆ, ಕನ್ನಡದಿಂದ ಸಂಜ್ಞೆಗೆ ಹೇಳುವುದೇ ಅವರ ವೃತ್ತಿ. ಆಸ್ಪತ್ರೆ, ಪೊಲೀಸ್ ಠಾಣೆ, ಕಾಲೇಜಿನ ತರಗತಿ ಎಲ್ಲ ಕಡೆ ಅವರಿಗೆ ಕೆಲಸವಂತೆ. ಅವರ ಜೊತೆ ಮುರ್ತುಜಸಾಬ ಎಂಬ ಯುವಕ. ಅವನಿಗೂ ಕಿವಿ ಕೇಳುವುದಿಲ್ಲ, ಕಿವುಡ ಮಕ್ಕಳ ಶಾಲೆಯಲ್ಲಿ ಮೇಷ್ಟ್ರು. ನಾನು ಗಡಿಬಿಡಿ ಮಾಡಿದೆ. ಸವಿತಾ ಸುಮ್ಮನೆ ಕೈ ಅಡ್ಡ ಹಿಡಿದರು. “ಮೊದ್ಲ ಅವರಿಬ್ರೂ ಮಾತಾಡ್ಲಿ ಬಿಡ್ರಿ.”

ಮುರ್ತುಜಸಾಬ ಮಾಬುಬಿಯ ಪಕ್ಕ ಬೆಂಚಿನ ಮೇಲೆ ಕೂತು ಅವಳ ಶೇಂಗಾ ತಿಂದ, ಚಿತ್ರ ಬರೆದ, ಆಟಿಕೆಯ ಟ್ರ್ಯಾಕ್ಟರ್ ಓಡಿಸಿದ. ಅವಳು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಒಳಗೆ ಹೋದೆವು. ಅಂಗೈ ಇಳಿಸಿದ್ದು ‘ಸಣ್ಣ ಹುಡುಗ’ ಅಲ್ಲ ದಾನಮ್ಮಾ. ತಲೆ ತಗ್ಗಿಸಿದ್ದ ಅಂತ. ಓಡಿಸುತ್ತಿದ್ದವನು ಗಾಳೆಪ್ಪನೇ, ಆದರೆ ತಲೆ ತಗ್ಗಿಸಿಕೊಂಡು ಕೈಯಲ್ಲಿದ್ದ ಮೊಬೈಲು ನೋಡುತ್ತಿದ್ದ. ಅರ್ಷದ ಅವನ ಕಣ್ಣಿಗೇ ಬಿದ್ದಿರಲಿಲ್ಲ. ಎದುರು ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಮಾಬುಬಿ ಅದನ್ನೇ ಹೇಳಿದಳು.

ಅವತ್ತು ನೀನು ನನ್ನ ಮಾತು ಕೇಳಿದ್ದರೆ ನಾನು ಸುಳ್ಳು ವಾದದ ಮೇಲೆ ನಿಂತು ಅರ್ಷದನ ಕೇಸನ್ನು ಕೈಯಾರೆ ಕೆಡಿಸುತ್ತಿದ್ದೆ.

ಸವಿತಾ ಹಿಂದಿನ ನಡಾವಳಿ ಓದಿ, “ತಿಳಿಯವಲ್ದು ಅಂದ ಹುಡುಗಿ ಯಾರ್ರಿ?” ಎಂದು ಕೇಳಿದರು. ಹೇಳಿದೆ. “ಭಾಳ ಮಂದಿ ಅಂದಾಜಿನ ಮ್ಯಾಲ ಹೇಳ್ಬಿಡ್ತಾರ್ರಿ. ಅಕಿನ್ನ ನನ್ ಕಡೆ ಕಳಸ್ರಿ” ಅಂದರು. ಹೈದರಾಬಾದಿನಲ್ಲಿ ಇದಕ್ಕೇ ಎರಡು ವರ್ಷದ ಡಿಪ್ಲೊಮಾ ಇದೆ, ಪಿಯುಸಿ ಆದವರಿಗೆ. ಇಷ್ಟು ವರ್ಷ ಕೋರ್ಟಿನಲ್ಲಿದ್ದೂ ಇಂಥ ಕೆಲಸವೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಕಾನೂನು ಕಾಲೇಜಿನ ಅರ್ಜಿಯನ್ನು ಬೇರೆ ಹುಡುಗಿಗೆ ಕೊಟ್ಟೆ. ನಿನಗೆ ಅದೇ ಬೇಕಿದ್ದರೆ ಹೇಳು, ಇನ್ನೊಂದು ತರುತ್ತೇನೆ. ಈ ಸಲ ತೀರ್ಮಾನ ನಿನ್ನದು.

ಪರೀಕ್ಷೆ ಚೆನ್ನಾಗಿ ಬರಿ.

ನಿನ್ನ
ನರ್ಗೀಸ


ಕೆರೂರ
೧೨ ಮೇ ೨೦೨೪

ಅಕ್ಕಾವರಿಗೆ,

ಪಾಸಾದದ್ದನ್ನು ಫೋನಿನಲ್ಲಿ ಹೇಳಿದೆ. ಈಗ ನನ್ನ ಹತ್ತಿರ ಫೋನಿದ್ದರೂ ಇದನ್ನು ಬರೆದೇ ಹೇಳಬೇಕು ಅನ್ನಿಸಿತು.

ನೀವು ಹೇಳಿದಂತೆ ಹುಬ್ಬಳ್ಳಿಗೆ ಹೋಗಿ ಸವಿತಾ ಅಕ್ಕನ ಜೊತೆ ಎರಡು ದಿನ ಇದ್ದೆ. ಕಿವುಡ ಮಕ್ಕಳ ಶಾಲೆಗೆ ಕರೆದುಕೊಂಡು ಹೋದರು. ನನಗೆ ಎಲ್ಲ ಬರುತ್ತದೆ ಅಂದುಕೊಂಡು ಹೋಗಿದ್ದೆ. ಅಲ್ಲಿ ಸಣ್ಣ ಸಣ್ಣ ಹುಡುಗಿಯರು ಮಾತಾಡುವ ವೇಗಕ್ಕೆ ನಾನು ಪರದೇಶಿಯ ಹಾಗೆ ನಿಂತೆ. ನನ್ನದು ಅವ್ವ ಮತ್ತು ನಾನು ಇಬ್ಬರೇ ಕಟ್ಟಿಕೊಂಡ ಮಾತು, ಅವರದು ದೇಶದ ಉದ್ದಗಲಕ್ಕೂ ನಡೆಯುವ ಭಾಷೆ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಆಸೆ ಹೆಚ್ಚಾಯಿತು. ನಾನು ಹೀಗೆ ಏನನ್ನೂ ಬಯಸಿರಲಿಲ್ಲ ಅಕ್ಕಾ.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಕುರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. “ಹೋಗಾಕ ನಾ ಬ್ಯಾಡನ್ನಂಗಿಲ್ಲ. ನಿಮ್ಮವ್ವನ ಮಾತು ಯಾರ್ ಕೈಯಾಗ ಕೊಟ್ ಹೋಗ್ತಿ?” ಅಂದ. ಓಣಿಯವರೂ ಅದನ್ನೇ ಅಂದರು. ಅವ್ವನಿಗೆ ಹೊಟ್ಟೆನೋವು ಬಂದರೆ ದವಾಖಾನೆಯಲ್ಲಿ ಹೇಳುವವರು ಯಾರು? ಯಾರಾದರೂ ಬೈದರೆ ತಿರುಗಿ ಬೈಯುವವರು ಯಾರು? ಅದಕ್ಕೇ ಬಾದಾಮಿಯಲ್ಲೇ ಬಿ.ಎ. ಸೇರುತ್ತೇನೆ. ಭಾನುವಾರ ಬಂದು ಹೋಗಬಹುದು.

ನೀವು ಬೇಸರ ಮಾಡಿಕೊಳ್ಳಬೇಡಿ.

ದಾನಮ್ಮ


ಹುನಗುಂದ
೧೯ ಮೇ ೨೦೨೪

ದಾನಮ್ಮಾ,

ಬಿ.ಎ. ಕೆಟ್ಟದ್ದಲ್ಲ. ನೀನು ಮನಸ್ಸಿನಿಂದ ಸೇರಿದರೆ ಪುಸ್ತಕ ನಾನೇ ಕೊಡಿಸುತ್ತೇನೆ.

ಒಂದೇ ಪ್ರಶ್ನೆ. ಅಪ್ಪ ಅಂದದ್ದು ಬರೆದಿದ್ದೀ, ಓಣಿಯವರು ಅಂದದ್ದೂ ಬರೆದಿದ್ದೀ. ಪದ್ಮವ್ವ ಏನಂದರು?

ನರ್ಗೀಸ


ಕೆರೂರ
೨ ಜೂನ್ ೨೦೨೪

ಅಕ್ಕಾವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವ್ವ ಏನೂ ಅಂದಿರಲಿಲ್ಲ, ಯಾಕೆಂದರೆ ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಏನು ತಿಳಿಯಬೇಕಾದರೂ ನನ್ನ ಕೈಯಿಂದಲೇ ತಿಳಿಯಬೇಕು. ನಾನೇ ಹೇಳದೆ ಉಳಿದಿದ್ದೆ. ಇಡೀ ಓಣಿಗೆ ಗೊತ್ತಿದ್ದ ಸುದ್ದಿ ನಮ್ಮ ಅಡಿಗೆಮನೆಗೆ ಗೊತ್ತಿರಲಿಲ್ಲ.

ಅವತ್ತೇ ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಹುಬ್ಬಳ್ಳಿ, ಶಾಲೆ, ಹೈದರಾಬಾದು, ಅಪ್ಪ ಅಂದದ್ದು, ನಾನು ಒಲ್ಲೆ ಎಂದು ನಿರ್ಧಾರ ಮಾಡಿದ್ದು. ಅವಳು ಕಡೆತನಕ ನೋಡಿದಳು. ಆಮೇಲೆ ಮುಖ ತಿರುಗಿಸಿಬಿಟ್ಟಳು. ನಿಮಗೆ ಸಿಟ್ಟು ಬಂದರೆ ಬೈಯುತ್ತೀರಿ. ಅವ್ವನಿಗೆ ಸಿಟ್ಟು ಬಂದರೆ ನನ್ನ ಕೈ ನೋಡುವುದಿಲ್ಲ. ನಾನು ಎಡಕ್ಕೆ ಹೋದರೆ ಅವಳು ಬಲಕ್ಕೆ. ಮರುದಿನವೂ ಹಾಗೇ. ನನಗೆ ಬಾಯಿ ಕಟ್ಟಿದಂತಾಯಿತು. ಅವಳಿಗೆ ದಿನಾ ಹೀಗೇ ಇರುತ್ತದೆಯೇನೋ.

ಕಡೆಗೆ ತಾನೇ ಬಂದು ನನ್ನ ರಟ್ಟೆ ಹಿಡಿದು ಕುರಿದೊಡ್ಡಿಗೆ ಎಳೆದುಕೊಂಡು ಹೋದಳು. ಅಪ್ಪನ ಎದುರಿಗೆ ನಿಲ್ಲಿಸಿ, ನನ್ನ ಕಡೆ ತಿರುಗಿ ಕೈ ಆಡಿಸಿದಳು. ನಾನು ಅಪ್ಪನಿಗೆ ಹೇಳಿದೆ: “ಅವ್ವ ಅಂತಾಳ, ಮಗಳು ಹೋಗ್ತಾಳ. ನನ್ನ ಕೇಳದ ನನ್ನ ಸಲುವಾಗಿ ಯಾರೂ ತ್ಯಾಗ ಮಾಡೂದು ಬ್ಯಾಡ ಅಂತಾಳ.” ಅವ್ವ ಇನ್ನೂ ಮುಗಿಸಿರಲಿಲ್ಲ. “ಇಷ್ಟು ವರ್ಷ ಮಗಳ ಕೈಯಾಗ ಸಂಸಾರ ಮಾಡಿದಿ, ಇನ್ನ ನಿನ್ನ ಕೈ ತಗಿ ಅಂತಾಳ.” ಇದನ್ನು ಹೇಳುವಾಗ ನನ್ನ ಧ್ವನಿ ಸಣ್ಣದಾಯಿತು. ಆದರೂ ಅವಳು ಹೇಳಿದ್ದನ್ನೇ ಹೇಳಿದೆ, ಒಂದು ಮಾತೂ ಮೆತ್ತಗೆ ಮಾಡಲಿಲ್ಲ.

ಅಪ್ಪ ತನ್ನ ಕೈ ತಾನೇ ನೋಡಿಕೊಂಡ. “ನನಗ ಬರಂಗಿಲ್ಲಲ್ಲವ್ವಾ” ಅಂದ. ಅವ್ವ ಅದಕ್ಕೆ ನನ್ನನ್ನು ಕಾಯಲಿಲ್ಲ. ಅವನ ಮಣಿಕಟ್ಟು ಹಿಡಿದು, ಅವನ ಬೆರಳನ್ನು ಅವನ ಮೂಗಿನ ಬದಿಗೆ, ನತ್ತು ಇಡುವ ಜಾಗಕ್ಕೆ ಒತ್ತಿದಳು. ಅದು ‘ಮಗಳು’. ಅಪ್ಪ ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೇನು ಎಂದು ನೋಡಿದ. ಆಮೇಲೆ ತಾನೇ ಇನ್ನೊಂದು ಸಲ ಮಾಡಿದ.

ರಾತ್ರಿ ಊಟಕ್ಕೆ ಕೂತಾಗ, “ಹೈದರಾಬಾದಿಗೆ ಗಾಡಿ ಎಲ್ಲಿಂದ?” ಎಂದು ಕೇಳಿದ.

ಅರ್ಜಿ ಕಳಿಸಿ ಅಕ್ಕಾ.

ದಾನಮ್ಮ


ಹೈದರಾಬಾದು
೨೦ ಅಕ್ಟೋಬರ್ ೨೦೨೪

ನರ್ಗೀಸ ಅಕ್ಕಾ,

ಸಂದರ್ಶನಕ್ಕೆ ಮೊದಲು ನೀವು ಅಷ್ಟು ಸಲ ಪ್ರಶ್ನೆ ಕೇಳಿ ತಯಾರಿ ಮಾಡಿಸಿದ್ದು ಕೆಲಸಕ್ಕೆ ಬಂತು. ವಿದ್ಯಾರ್ಥಿವೇತನ ಮಂಜೂರಾಯಿತು. ತರಗತಿಯಲ್ಲಿ ನಾನು ಮೊದಲು ಕಲಿಯಬೇಕಾದದ್ದು ಅವ್ವನ ಕೈಯನ್ನು ಪಕ್ಕಕ್ಕಿಡುವುದು. ಅಭ್ಯಾಸ ತಪ್ಪಿ ಅವಳ ಸಂಜ್ಞೆ ಮಾಡಿಬಿಡುತ್ತೇನೆ, ಗೆಳತಿಯರು ನಗುತ್ತಾರೆ. ಈಗೀಗ ಅವರೇ ಅದನ್ನು ಕಲಿಸೆಂದು ಕೇಳುತ್ತಾರೆ.

ಒಂದು ತೊಡಕು. ಅಪ್ಪ ದಿನಕ್ಕೆ ನಾಲ್ಕಾರು ಸಲ ವಿಡಿಯೊ ಕಾಲ್ ಮಾಡುತ್ತಾನೆ. ಫೋನನ್ನು ಅವ್ವನ ಮುಂದೆ ಹಿಡಿದು, “ಕೇಳು, ಸಂತಿಗೆ ಹೊಂಟೇನಿ, ಏನ್ ತರ್ಲಿ ಅಂತ” ಅನ್ನುತ್ತಾನೆ. ನಾನು ಇಲ್ಲಿಂದ ಹೇಳುತ್ತೇನೆ. ಮೊನ್ನೆ ತರಗತಿಯ ನಡುವೆಯೇ ಹೀಗೆ ಮಾಡುತ್ತಿದ್ದಾಗ ನಮ್ಮ ಮೇಡಂ ಕಂಡರು. ಅವರಿಗೂ ಕಿವಿ ಕೇಳುವುದಿಲ್ಲ. ಯಾರಿಗಾಗಿ ಹೇಳುತ್ತಿದ್ದೀ ಎಂದು ಕೇಳಿದರು. ಅಪ್ಪ ಅವ್ವ ಎಂದೆ. ಇಬ್ಬರೂ ಬೇರೆ ಬೇರೆ ಊರಲ್ಲಿದ್ದಾರೆಯೇ? ಇಲ್ಲ ಮೇಡಂ, ಒಂದೇ ಕಟ್ಟೆಯ ಮೇಲೆ ಕೂತಿದ್ದಾರೆ. ಅವರು ನಕ್ಕುಬಿಟ್ಟರು. ನನಗೂ ನಗು ಬಂತು, ಆಮೇಲೆ ರೂಮಿಗೆ ಹೋಗಿ ಅತ್ತೆ.

ಇನ್ನು ಮುಂದೆ ಅವರಿಬ್ಬರ ನಡುವೆ ಮಾತು ದಾಟಿಸುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಭಾನುವಾರ ನಾನು ಅವ್ವನ ಜೊತೆ ಮಾತಾಡುತ್ತೇನೆ, ಮಗಳಾಗಿ. ಅಪ್ಪನ ಜೊತೆ ಬೇರೆ. ಅವನಿಗೆ ಸಿಟ್ಟು ಬಂತು. ಅವ್ವ ಹೊಟ್ಟೆ ಹಿಡಿದುಕೊಂಡದ್ದನ್ನು ಹಸಿವು ಎಂದು ತಿಳಿದು ರೊಟ್ಟಿ ತಂದಿಟ್ಟನಂತೆ, ನೋವು ಅಂತ ಗೊತ್ತಾಗುವಷ್ಟರಲ್ಲಿ ತಟ್ಟೆ ಅಂಗಳಕ್ಕೆ ಹೋಗಿತ್ತಂತೆ. “ನೀ ಫೋನ್ ಎತ್ತಿದ್ರ ಹಿಂಗಾಗ್ತಿರಲಿಲ್ಲ” ಅಂದ. ಕರೆದುಕೊಂಡು ಹೋಗಿ ದವಾಖಾನೆಯಲ್ಲಿ ತಾನೇ ತೋರಿಸಿ ಬಂದಿದ್ದಾನೆ. ಅವ್ವ ಈಗ ಹುಷಾರಿದ್ದಾಳೆ.

ನಾನು ಮಾಡುತ್ತಿರುವುದು ಸರಿಯೇ?

ದಾನಮ್ಮ


ಹುನಗುಂದ
೩ ನವೆಂಬರ್ ೨೦೨೪

ದಾನಮ್ಮಾ,

ಈ ಪತ್ರದಲ್ಲಿ ದೊಡ್ಡದೊಂದು ಪ್ಯಾರಾ ಬರೆದು ಹೊಡೆದು ಹಾಕಿದೆ. ಉಪದೇಶ ಜಾಸ್ತಿ ಇತ್ತು. ನಿನ್ನ ಪ್ರಶ್ನೆಗೆ ನೀನು ಈಗಾಗಲೇ ಉತ್ತರ ಕೊಟ್ಟುಕೊಂಡಿದ್ದೀ, ಆಮೇಲೆ ನನ್ನನ್ನು ಕೇಳಿದ್ದೀ. ಅದು ನನಗೆ ಹಿಡಿಸಿತು.

ಅರ್ಷದನ ಕೇಸಿನಲ್ಲಿ ತೀರ್ಪು ನಮ್ಮ ಕಡೆಗಾಯಿತು. ಅವನು ಕೋಲಿಲ್ಲದೆ ನಡೆಯುತ್ತಿದ್ದಾನೆ. ಬಳಗದವರು ನನಗೆ ಈ ವರ್ಷ ಇಬ್ಬರು ಹುಡುಗಿಯರನ್ನು ಕೊಟ್ಟಿದ್ದಾರೆ. ಒಬ್ಬಳು ತುಳಸಿಗೇರಿಯವಳು, ಅಂಜನಾ ಅಂತ. ಏನಾಗಬೇಕು ಎಂದು ಕೇಳಿದ್ದಕ್ಕೆ, “ನೀವ ಹೇಳ್ರಿ” ಎಂದಳು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ನಿನ್ನ
ನರ್ಗೀಸ


ಕೆರೂರ
೧೮ ಮೇ ೨೦೨೫

ನರ್ಗೀಸ ಅಕ್ಕಾ,

ಮೊದಲ ವರ್ಷ ಮುಗಿಯಿತು. ರಜೆಗೆ ಬಂದಿದ್ದೇನೆ. ಮುಂದಿನ ತಿಂಗಳು ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಸವಿತಾ ಅಕ್ಕನ ಕೈಕೆಳಗೆ ತರಬೇತಿ. ಕಿವುಡ ಗರ್ಭಿಣಿಯರು ಬರುವ ದಿನ ನಾವು ಅಲ್ಲಿರಬೇಕು. ಹುನಗುಂದಕ್ಕೂ ಒಂದು ದಿನ ಬರುತ್ತೇನೆ, ಅಂಜನಾಳನ್ನು ನೋಡಬೇಕು.

ಊರಿಗೆ ಬರುವಾಗ ಬಸ್ಸಿನಲ್ಲಿ ಕೂತು ಕಟ್ಟೆಯ ಮೇಲೆ ಎಷ್ಟು ಜನ ಕಾಯುತ್ತಿರುತ್ತಾರೋ ಎಂದುಕೊಳ್ಳುತ್ತಿದ್ದೆ. ಯಾರೂ ಇರಲಿಲ್ಲ. ಪಕ್ಕದ ಮನೆಯಾಕೆ ಅವ್ವನ ಜೊತೆ ಕೌದಿಯ ಬಣ್ಣದ ಬಗ್ಗೆ ಜಗಳಾಡುತ್ತಿದ್ದಳು, ತಪ್ಪುತಪ್ಪಾಗಿ, ಕೈಯಲ್ಲೇ. ನನ್ನನ್ನು ನೋಡಿ “ಬಂದೇನ ದಾನವ್ವಾ, ತಡಿ, ಇಕಿದ ಮುಗಸ್ತೇನಿ” ಎಂದು ಮತ್ತೆ ಜಗಳಕ್ಕೆ ತಿರುಗಿದಳು.

ನಿನ್ನೆ ಸಂಜೆಯದನ್ನು ಹೇಳಬೇಕೆಂದೇ ಈ ಪತ್ರ. ಕುರಿ ದೊಡ್ಡಿಗೆ ಸೇರಿದ್ದವು. ಅಪ್ಪ, ಅವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಓಣಿಯ ಹಿರಿಯರೊಬ್ಬರು ಗತ್ತಿನಿಂದ ನಡೆದು ಹೋದರು. ಅಪ್ಪ ಅವ್ವನ ಕಡೆ ನೋಡಿ, ಹೆಬ್ಬೆರಳಿನಿಂದ ಗದ್ದ ಉಜ್ಜಿ, ಬೆರಳುಗಳನ್ನು ಫಟ್ಟನೆ ಬಿಚ್ಚಿದ. ಅವ್ವ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವಿಗೆ ಸಪ್ಪಳವಿಲ್ಲ, ಮೈಯೆಲ್ಲ ನಗುತ್ತದೆ. ಅವಳೂ ಗದ್ದ ಉಜ್ಜಿ ಇನ್ನೇನೋ ಸೇರಿಸಿದಳು. ಅಪ್ಪ ಕೆಮ್ಮುವವರೆಗೂ ನಕ್ಕ.

ಆ ಸಂಜ್ಞೆ ನನಗೆ ಗೊತ್ತಿರಲಿಲ್ಲ. ಹೈದರಾಬಾದಿನಲ್ಲಿ ಕಲಿತದ್ದರಲ್ಲೂ ಇಲ್ಲ, ಅವ್ವ ನನಗೆ ಕೊಟ್ಟದ್ದರಲ್ಲೂ ಇಲ್ಲ. “ಏನಂದಿ ಅಪ್ಪಾ?” ಎಂದು ಕೇಳಿದೆ.

“ಅದು ನಮ್ಮಿಬ್ಬರದ ಬಿಡವ್ವಾ” ಅಂದ.

ಅವ್ವನ ಕಡೆ ತಿರುಗಿ ಕೈಯಲ್ಲಿ ಕೇಳಿದೆ. ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಹೊರಗೆ ಅವರ ನಗು ನಿಂತಿರಲಿಲ್ಲ. ಚಹಾ ಆಯಿತೆಂದು ಕರೆಯಲು ನಾನು ಅವಸರ ಮಾಡಲಿಲ್ಲ.

ನಿಮ್ಮ
ದಾನಮ್ಮ